ಬೆಡ್‌ಫೋರ್ಡ್‌ಗೆ ಕಾಲು ಬಂದ ವಾರ

ಆರು ವರ್ಷದ ಹಿಂದೆ ಬದರೀನಾಥರು ಶೆಟ್ಟಿಹಳ್ಳಿಯ ಅನಂತರಾಜುವಿನ ಜಾಗಕ್ಕೆ ಹೋಗಿದ್ದು ಒಂದು ಗೋಡೌನ್ ನೋಡಲು. ತಮ್ಮನಿಗೆ ಬಾಡಿಗೆಗೆ ಬೇಕಿತ್ತು. ಗೋಡೌನ್ ಅವರಿಗೆ ಹಿಡಿಸಲಿಲ್ಲ. ಆದರೆ ಅದರ ಹಿಂದೆ, ಲಂಟಾನ ಪೊದೆಯೊಳಗಿಂದ ಮೂತಿ ಮಾತ್ರ ಹೊರಗೆ ಹಾಕಿಕೊಂಡು ನಿಂತಿದ್ದ ಒಂದು ಲಾರಿ ಹಿಡಿಸಿಬಿಟ್ಟಿತು.

"ಅದೇನ್ರೀ ಅನಂತರಾಜು, ಅದು?"

"ಅದಾ ಸಾರ್? ನಮ್ ತಾತ ಮುನಿಕೃಷ್ಣಪ್ಪ ಯುದ್ಧ ಮುಗಿದ್ಮೇಲೆ ಮಿಲಿಟ್ರಿಯೋರ ಅರಾಜಲ್ಲಿ ತಗಂಡಿದ್ದು. ಇಟ್ಟಿಗೆ ಸಾಗಿಸ್ತಿದ್ರು ಅದ್ರಲ್ಲಿ. ಈಗ ಕೋಳಿ ಮೊಟ್ಟೆ ಇಡ್ತವೆ."

ಬದರೀನಾಥರು ಜಾಲಹಳ್ಳಿ ಕಡೆಯ ಒಂದು ಯಂತ್ರ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಕಬ್ಬಿಣ ಕಂಡರೆ ಕೈ ಸುಮ್ಮನಿರುವುದಿಲ್ಲ. ಪೊದೆ ಸರಿಸಿ, ಕರ್ಚೀಫಿನಿಂದ ಮೂತಿಯ ಧೂಳು ಒರೆಸಿದರು. ಎರಡನೇ ಮಹಾಯುದ್ಧದ ಕಾಲದ ಬೆಡ್‌ಫೋರ್ಡ್, ಬ್ರಿಟಿಷ್ ಸೇನೆಯ ಸಣ್ಣ ಟ್ರಕ್. ಅಂದು ಮನೆಗೆ ಬಂದು ಊಟದ ತಟ್ಟೆಯ ಮುಂದೆ ಕೂತು, ಅದರ ರೇಡಿಯೇಟರ್ ಹೇಗಿದೆ, ಮಡ್‌ಗಾರ್ಡಿನ ಬಾಗು ಎಷ್ಟು ಚೆಂದ ಎಂದೇ ಮಾತಾಡಿದರು. ಹೆಂಡತಿ ಕೃಷ್ಣವೇಣಿ ಎರಡನೇ ಸಲ ಹುಳಿ ಬಡಿಸುತ್ತ ಕೇಳಿದರು: "ರೀ, ಯಾರ ಮನೆ ಹುಡುಗಿ ಅದು?"

ಆಮೇಲೆ ಪ್ರತಿ ಶನಿವಾರ ಬದರೀನಾಥರ ಸ್ಕೂಟರ್ ಕೊಡಿಗೇಹಳ್ಳಿಯಿಂದ ಶೆಟ್ಟಿಹಳ್ಳಿಗೆ ಓಡಿತು. ಮೊದಮೊದಲು ಅನಂತರಾಜುವಿಗೆ ಇದು ತಮಾಷೆಯಾಗಿತ್ತು. ತೋಟವೆಲ್ಲ ಸೈಟಾಗಿ, ಸೈಟೆಲ್ಲ ಕಟ್ಟಡವಾಗಿ, ಇನ್ನು ಮಾಡಲು ಹೆಚ್ಚೇನೂ ಉಳಿಯದ ಮನುಷ್ಯ ಅವನು. ದಪ್ಪ ಮೈ, ಬಿಳಿ ಪಂಚೆ, ಊರಲ್ಲಿ ಎದುರಾಡುವವರಿಲ್ಲ. ಕುರ್ಚಿ ಹಾಕಿಕೊಂಡು ನೋಡುತ್ತಿದ್ದವನು ಮೂರನೇ ತಿಂಗಳಿಗೆ ಪಂಚೆ ಮೇಲೆ ಕಟ್ಟಿ ಟ್ರಕ್ಕಿನ ಕೆಳಗೆ ಮಲಗಿದ್ದ. ಪಿಸ್ಟನ್ ರಿಂಗ್ ಮಾಡಿಸಲು ಇಬ್ಬರೂ ಕೊಯಮತ್ತೂರಿಗೆ ಹೋಗಿಬಂದರು. ತುಕ್ಕು ಉಜ್ಜಿದರು, ತಗಡು ಬೆಸೆದರು, ಹಸಿರು ಬಣ್ಣ ಬಳಿದರು. ಹೋದ ಆಯುಧಪೂಜೆಯ ದಿನ ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಕಾರಿ, ಕೊನೆಗೆ ನಿಂತಲ್ಲೇ ಗುಡುಗತೊಡಗಿದಾಗ ಅನಂತರಾಜು ಬೂದುಗುಂಬಳಕಾಯಿ ಒಡೆದು, ಬದರೀನಾಥರನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ.

ಆದರೂ ಅದು ಓಡುವ ಗಾಡಿಯಾಗಿರಲಿಲ್ಲ. ನಾಲ್ಕು ಸೈಜುಗಲ್ಲುಗಳ ಮೇಲೆ ನಿಂತಿತ್ತು. ಚಕ್ರಗಳಿಗೆ ಅಂಟಿಕೊಂಡಿದ್ದ ಟಯರುಗಳು ಕಲ್ಲಿಗಿಂತ ಗಟ್ಟಿಯಾಗಿ, ಒಣಗಿದ ಕೆರೆಯಂತೆ ಬಿರಿದಿದ್ದವು. ಬದರೀನಾಥರು ಒಂದರ ಹಳೆಯ ಟ್ಯೂಬಿಗೇ ಗಾಳಿ ಹಿಡಿಸಿ ನೋಡಿದ್ದರು. ಹೇಗೋ ಗಾಳಿ ನಿಂತಿತು, ಆದರೆ ಅಂಥ ಟಯರನ್ನು ನಂಬಿ ರಸ್ತೆಗೆ ಇಳಿಯುವಂತಿರಲಿಲ್ಲ.

ಅಷ್ಟರಲ್ಲಿ ಒಂದು ಪತ್ರ ಬಂತು. ಫೆಬ್ರುವರಿಯ ಮೂರನೇ ಭಾನುವಾರ ಯಲಹಂಕದ ಮೈದಾನದಲ್ಲಿ ಹಳೆಯ ವಾಹನಗಳ ಪ್ರದರ್ಶನ, ನಿಮ್ಮ ಬೆಡ್‌ಫೋರ್ಡ್ ತರಬೇಕು, ಮೈದಾನದೊಳಕ್ಕೆ ಸ್ವಂತ ಚಕ್ರದ ಮೇಲೇ ಬರಬೇಕು ಎಂದು. ಉಳಿದಿದ್ದು ಮೂರು ವಾರ.

ಬದರೀನಾಥರು ಇಂಗ್ಲೆಂಡಿನ ಒಂದು ಕಂಪನಿಗೆ ಬರೆದರು. ಥೇಟ್ ಹಳೆಯ ಅಚ್ಚಿನ ಮಿಲಿಟರಿ ಟಯರ್ ಅವರಲ್ಲಿತ್ತು. ಹಡಗಿನಲ್ಲಿ ಬರಲು ನಾಲ್ಕು ತಿಂಗಳು ಎಂದು ಉತ್ತರ ಬಂತು. ಅಂದಿನಿಂದ ಅವರು ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಓಡಾಡತೊಡಗಿದರು. ಕಾಫಿ ಲೋಟ ಹಿಡಿದು ಕೂತರೆ ಬಾಯಲ್ಲಿ ಒಂದೇ ಜಪ: "ಒಂಬತ್ತು ಹದಿನಾರು. ಒಂಬತ್ತು ಹದಿನಾರು ಎಲ್ಲೂ ಇಲ್ಲ."

ಅದು ಟಯರಿನ ಅಳತೆ. ಒಂಬತ್ತು ಅಂಗುಲ ಅಗಲ, ಹದಿನಾರು ಅಂಗುಲದ ರಿಮ್. ಕೃಷ್ಣವೇಣಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಒಮ್ಮೆ ಕಿವಿಗೆ ಬಿದ್ದ ಅಂಕಿ ಅವರ ತಲೆಯಿಂದ ಹೋಗುವುದಿಲ್ಲ. ಒಂದು ಬೆಳಿಗ್ಗೆ ಸೊಪ್ಪು ತರಲು ಹೊರಟವರು ಎದುರಿನ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಗಕ್ಕನೆ ನಿಂತರು. ಅಲ್ಲಿ ನೀರಿನ ಟ್ಯಾಂಕರ್ ಎಳೆದುಕೊಂಡು ಬಂದ ಟ್ರ್ಯಾಕ್ಟರ್ ನಿಂತಿತ್ತು. ಅವರು ಟ್ಯಾಂಕರಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, ಸೆರಗಿನ ತುದಿಯಿಂದ ಟಯರಿನ ಕೆಸರು ಒರೆಸಿದರು.

ಡ್ರೈವರ್ ಗಾಬರಿಯಾಗಿ ಇಳಿದು ಬಂದ. "ಏನಮ್ಮಾ, ನೀರು ಬೇಕಿತ್ತಾ?"

"ನೀರು ಬೇಡಪ್ಪ. ನಿನ್ನ ಟಯರ್ ಬೇಕು."

"ಆಂ?"

"ಎಲ್ಲಿ ತಗೊಂಡೆ ಇದನ್ನ? ಅಂಗಡಿ ಹೆಸರು ಹೇಳು ಸಾಕು. ಬಿಚ್ಚಿಕೊಂಡು ಹೋಗಲ್ಲ, ಹೆದರ್ಬೇಡ."

ಸೊಪ್ಪು ತರದೆ ಮನೆಗೆ ಓಡಿ ಬಂದ ಕೃಷ್ಣವೇಣಿ ಬಾಗಿಲಲ್ಲೇ ಕೂಗಿದರು: "ರೀ! ಒಂಬತ್ತು ಹದಿನಾರು ನಮ್ಮ ರಸ್ತೇಲೇ ಇದೆ. ದಿನಾ ಬೆಳಿಗ್ಗೆ ಏಳೂವರೆಗೆ ಬರುತ್ತೆ!"

ಬದರೀನಾಥರು ಚಪ್ಪಲಿ ಮೆಟ್ಟದೆ ಓಡಿ ಹೋಗಿ ನೋಡಿ ಬಂದರು. ಅಳತೆ ಸರಿ. ತೂಕ ಹೊರುವ ಶಕ್ತಿಯೂ ಬೇಕಾದ್ದಕ್ಕಿಂತ ಹೆಚ್ಚು. ಆದರೆ ಅವರ ಮುಖ ಅರ್ಧ ಮಾತ್ರ ಅರಳಿತ್ತು. "ಮೇಲಿನ ಗೀರು ಬೇರೆ ಕಣೇ. ಮಿಲಿಟರಿ ಟಯರಿಗೆ ದಪ್ಪ ದಪ್ಪ ಗೆಣ್ಣು ಇರುತ್ತೆ. ಇದು ಬರೀ ಉದ್ದ ಗೆರೆ. ಗೊತ್ತಿರೋರು ನೋಡಿದರೆ ನಗ್ತಾರೆ."

"ಆರು ವರ್ಷ ಕಲ್ಲಿನ ಮೇಲೆ ನಿಂತಿದೆಯಲ್ಲ, ಅದನ್ನ ನೋಡಿ ಯಾರೂ ನಗಲಿಲ್ವಾ?"

ಬದರೀನಾಥರು ಅನಂತರಾಜುವಿಗೆ ಫೋನ್ ಮಾಡಿದರು. ಮಾರನೇ ದಿನವೇ ಯಶವಂತಪುರದ ಅಂಗಡಿಯಿಂದ ಐದು ಟಯರು, ಐದು ಟ್ಯೂಬು ಅನಂತರಾಜುವಿನ ಪಿಕಪ್‌ನಲ್ಲಿ ಶೆಟ್ಟಿಹಳ್ಳಿಗೆ ಬಂದಿಳಿದವು. ಶೆಡ್ಡಿನ ತುಂಬ ಹೊಸ ರಬ್ಬರಿನ ವಾಸನೆ. ಅನಂತರಾಜು ಒಂದನ್ನು ಅಂಗಳದಲ್ಲಿ ಉರುಳಿಸಿಕೊಂಡು ಓಡಿದ, ಅರವತ್ತು ವರ್ಷದ ಮನುಷ್ಯ.

ಈಗ ಹಾಕುವವರು ಬೇಕಿತ್ತು. ಹೆಬ್ಬಾಳದ ದೊಡ್ಡ ಟಯರ್ ಅಂಗಡಿಯವನು ಫೋಟೋ ನೋಡಿಯೇ ಕೈ ಮುಗಿದ. "ಸಾರ್, ಇದು ನಮ್ ಮಷೀನಿಗೆ ಕೂರಲ್ಲ. ಈ ಥರ ರಿಮ್ ನಾನು ನೋಡೇ ಇಲ್ಲ." ಸ್ವಲ್ಪ ಯೋಚಿಸಿ ಹೇಳಿದ: "ಅಬ್ಬಿಗೆರೇಲಿ ಮರಿಯಮ್ಮ ಅಂತ ಇದ್ದಾರೆ. ಜೆಸಿಬಿ, ಟಿಪ್ಪರು, ಏನಿದ್ರೂ ಕೈಯಲ್ಲೇ ಹಾಕ್ತಾರೆ. ಅವ್ರನ್ನ ಕೇಳಿ."

ಬದರೀನಾಥರು ಫೋನ್ ಮಾಡಿದರು. ಆ ಕಡೆಯ ದನಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿತು.

"ರಿಮ್ಮು ಒಂದೇ ತುಂಡಾ, ಎಲ್ಡು ತುಂಡಾ ಸಾಮಿ?"

"ಎರಡು. ಮಧ್ಯೆ ನಟ್ಟು ಹಾಕಿ ಸೇರಿಸಿದಾರೆ."

"ಯಾರೂ ಮುಟ್ಬೇಡಿ ಅದನ್ನ. ಬುಧವಾರ ಬತ್ತೀನಿ."

ಮುಟ್ಟಬೇಡಿ ಎಂದದ್ದನ್ನು ಅನಂತರಾಜುವಿಗೆ ಹೇಳಬೇಕು ಎಂದು ಬದರೀನಾಥರಿಗೆ ಹೊಳೆಯಲಿಲ್ಲ. ಕೆಲಸದವರು ಎಲ್ಲರೂ ಹಾಗೆಯೇ ಹೇಳುತ್ತಾರೆ ಎಂದುಕೊಂಡರು.

ಬುಧವಾರ ಹತ್ತು ಗಂಟೆಗೆ ಮರಿಯಮ್ಮ ಬಂದರು. ಅರವತ್ತು ದಾಟಿದ ಹೆಂಗಸು, ಸಣ್ಣ ಆಳು, ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಬಿಗಿಯಾಗಿ ಕಟ್ಟಿದ ಟವೆಲ್ಲು. ಸ್ಕೂಟಿಯ ಕಾಲಿಡುವ ಜಾಗದಲ್ಲಿ ಗೋಣಿಚೀಲ, ಅದರೊಳಗೆ ಕಬ್ಬಿಣದ ಪಟ್ಟಿಗಳು, ಒಂದು ಭಾರಿ ಸುತ್ತಿಗೆ. ಬದರೀನಾಥರೂ ಕೃಷ್ಣವೇಣಿಯೂ ಅವರನ್ನು ಗೇಟಿನಲ್ಲೇ ಎದುರುಗೊಂಡು ಶೆಡ್ಡಿನ ಕಡೆ ಕರೆದುಕೊಂಡು ಬಂದರು.

ಅನಂತರಾಜು ಆಗಲೇ ಕೆಲಸಕ್ಕಿಳಿದಿದ್ದ. ಬರುವವರಿಗೆ ಸುಲಭವಾಗಲಿ ಎಂದು ಬಲಗಡೆಯ ಮುಂದಿನ ಚಕ್ರದ ಎದುರು ಮಣೆ ಹಾಕಿಕೊಂಡು ಕೂತು ನಟ್ಟು ಬಿಚ್ಚುತ್ತಿದ್ದ. ಎರಡು ನಟ್ಟು ಬಿಚ್ಚಿ ಪಕ್ಕದಲ್ಲಿಟ್ಟಿದ್ದ. ಮೂರನೆಯದಕ್ಕೆ ಸ್ಪ್ಯಾನರ್ ಕೊಟ್ಟು, ಅದರ ಹಿಡಿಗೆ ಒಂದು ಪೈಪು ತೂರಿಸಿ, ಮೈಭಾರ ಹಾಕಲು ಎದ್ದು ನಿಲ್ಲುತ್ತಿದ್ದ. ಮುಖ ಚಕ್ರದ ನೇರಕ್ಕಿತ್ತು.

"ಏಯ್! ಕೈ ತೆಗಿಯಾ! ಬಿಡ್ ಅದನ್ನ! ಇತ್ಲಾಗ್ ಬಾ, ಪಕ್ಕಕ್ಕ್ ಬಾ!"

ಆ ಸಣ್ಣ ಮೈಯಿಂದ ಅಂಥ ಕೂಗು ಬಂದೀತೆಂದು ಯಾರೂ ನಿರೀಕ್ಷಿಸಿರಲಿಲ್ಲ. ಶೆಟ್ಟಿಹಳ್ಳಿಯಲ್ಲಿ ಅನಂತರಾಜುವನ್ನು ಏಕವಚನದಲ್ಲಿ ಗದರಿಸಿ ಬಹಳ ವರ್ಷವಾಗಿತ್ತು. ಅವನ ಕೈಯಿಂದ ಪೈಪು ಕೆಳಗೆ ಬಿತ್ತು. ಹೇಳಿದಂತೆ ಪಕ್ಕಕ್ಕೆ ಬಂದು ನಿಂತ.

ಮರಿಯಮ್ಮ ಗೋಣಿಚೀಲ ಅಲ್ಲೇ ಬಿಟ್ಟು, ಚಕ್ರದ ಎದುರಿಗೆ ಹೋಗದೆ ಬದಿಯಿಂದ ಕೈಚಾಚಿ ಟಯರನ್ನು ಗುದ್ದಿ ನೋಡಿದರು. "ಗಾಳಿ ಐತೆ ಇದ್ರಾಗೆ. ಯಾರ್ ತುಂಬಿದ್ದು?"

"ನಾನೇ," ಎಂದರು ಬದರೀನಾಥರು.

ಮರಿಯಮ್ಮ ಕೂತು, ವಾಲ್ವಿನ ಮೂತಿಗೆ ಒಂದು ಸಣ್ಣ ಕೀಲಿ ಹಾಕಿ ತಿರುಗಿಸಿ ಒಳಗಿನ ಪಿನ್ನು ತೆಗೆದರು. ಗಾಳಿ ಸೊಯ್ಯೆಂದು ಹೊರಟಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಕೊನೆಗೆ ಅದು ಸಣ್ಣಗಾಗಿ ನಿಂತಾಗ ಮರಿಯಮ್ಮ ಉಸಿರು ಬಿಟ್ಟು, ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡರು.

"ನೋಡಣ್ಣ, ಇಲ್ಲಿ ಎಲ್ಡು ಸುತ್ತು ನಟ್ಟವೆ. ಒಳಗಿನ ಸುತ್ತು ಚಕ್ರನ ಗಾಡಿಗೆ ಇಡ್ಕಂಡಿರೋದು. ಅದನ್ನ ಬಿಚ್ಚಿದ್ರೆ ಚಕ್ರ ಒರಗೆ ಬತ್ತದೆ, ಅಷ್ಟೇಯ. ಈ ಒರಗಿನ ಸುತ್ತು ರಿಮ್ಮಿನ ಎಲ್ಡು ತಟ್ಟೆನ ಸೇರ್ಸಿರೋದು. ನಡುವೆ ಗಾಳಿ ಇದ್ದಂಗೇ ಇದನ್ನ ಬಿಚ್ತಾ ಓದ್ರೆ, ಕೊನೇಗ್ ಉಳಿದಿರೋ ನಟ್ಟು ಕಿತ್ಕಂಡು ತಟ್ಟೆ ಸಿಡೀತದೆ. ಎದ್ರುಗೆ ಇರೋನ್ ತಲೆ ಇರಾಕಿಲ್ಲ."

ಅನಂತರಾಜು ಮಣೆಯ ಮೇಲೆ ಕೂತ. ತನ್ನ ಎರಡೂ ಕೈ ನೋಡಿಕೊಂಡ. ಆಮೇಲೆ ನಗಲು ಹೋದ, ಅರ್ಧಕ್ಕೆ ನಿಂತಿತು. "ಎರಡ್ ಬಿಚ್ಚಿದ್ನಲ್ಲಕ್ಕ..."

"ಎಲ್ಡ್ ತಾನೆ? ಇನ್ನ ಎಂಟ್ ಇಡ್ಕಂಡವೆ. ನಿಮ್ಮನೆ ದೇವ್ರು ದೊಡ್ಡದು. ಆದ್ರೆ ಇದಕ್ಕೆ ಗುರುತಿರ್ಬೇಕಲ್ಲ?" ಅವರು ಹೊರಸುತ್ತಿನ ನಟ್ಟನ್ನು ಉಗುರಿನಿಂದ ಕೆರೆದರು. "ಮಿಲಿಟ್ರಿ ಗಾಡೀಲಿ ಈ ನಟ್ಗೆಲ್ಲ ಕೆಂಪು ಬಳಿದಿರ್ತಾರೆ, ಮುಟ್ಬೇಡ ಅಂತ. ಇಲ್ಲಿ ಎಲ್ಲಾ ಅಸಿರು ಬಳಿದವ್ರೆ."

ಬದರೀನಾಥರು ಬಗ್ಗಿ ನಟ್ಟು ನೋಡಿದರು. ನಾಲ್ಕು ವರ್ಷದ ಹಿಂದೆ ಈ ನಟ್ಟುಗಳನ್ನು ಉಜ್ಜಿದವರು ಅವರೇ. ಮೇಲಿನ ಕೊಳೆ ಹೋದಾಗ ಕೆಳಗೆ ಕೆಂಪು ಕಂಡಿತ್ತು. ತುಕ್ಕು ಹಿಡಿಯದಂತೆ ಮೊದಲು ಬಳಿಯುವ ರೆಡ್ ಆಕ್ಸೈಡ್ ಇರಬೇಕೆಂದು ಅದನ್ನೂ ಉಜ್ಜಿ ತೆಗೆದು, ಚೊಕ್ಕಟವಾಗಿ ಹಸಿರು ಬಳಿದಿದ್ದರು. ಚೆಂದ ಬಂದಿದೆ ಎಂದು ಫೋಟೋ ಕೂಡ ತೆಗೆದಿದ್ದರು.

"ಕೆಂಪು ಇತ್ತು," ಎಂದರು ಅವರು. "ನಾನು ಅಳಿಸಿಬಿಟ್ಟೆ. ಗೊತ್ತಾಗಲಿಲ್ಲ. ಅನಂತರಾಜು, ಯಾರೂ ಮುಟ್ಟಬೇಡಿ ಅಂತ ಇವರು ಫೋನಲ್ಲೇ ಹೇಳಿದ್ದರು. ಅದನ್ನೂ ನಾನು ನಿಮಗೆ ಹೇಳಲಿಲ್ಲ."

ಕೃಷ್ಣವೇಣಿ ಹತ್ತಿರ ಬಂದು ಗಂಡನ ತೋಳು ಹಿಡಿದುಕೊಂಡರು. ಅನಂತರಾಜು ಸ್ನೇಹಿತನ ಮುಖವನ್ನೇ ನೋಡಿದ. ಎದ್ದು ಬಂದು ಅವರ ಬೆನ್ನಿಗೊಂದು ಏಟು ಕೊಟ್ಟ, ಬದರೀನಾಥರು ಒಂದು ಹೆಜ್ಜೆ ಮುಂದೆ ಹೋಗುವಷ್ಟು.

"ಬಿಡಿ ಸಾರ್. ಅದಕ್ಕೇ ಅಲ್ವಾ ಅಕ್ಕ ಸಮಯಕ್ಕೆ ಬಂದಿದ್ದು. ಇವತ್ತು ನಮ್ಮನೇಲಿ ಮುದ್ದೆ, ನಾಟಿ ಕೋಳಿ ಸಾರು. ನಿಮ್ಗೆ ಬೇರೆ ಮಾಡ್ಸ್ತೀನಿ, ಅವರೆಕಾಳು ಉಪ್ಪಿಟ್ಟು. ತಲೆ ಉಳಿದೈತಲ್ಲ, ತಿನ್ನೋಣ."

"ಊಟ ಆಮ್ಯಾಕೆ," ಎಂದರು ಮರಿಯಮ್ಮ. "ಮೊದ್ಲು ಒಂದ್ ಡಬ್ಬಿ ಕೆಂಪು ಪೈಂಟ್ ತರ್ಸಿ."

ಕೆಲಸ ಶುರುವಾಯಿತು. ಚಕ್ರ ಕಳಚಿ ಅಂಗಳದಲ್ಲಿ ಮಲಗಿಸಿ, ಮರಿಯಮ್ಮ ಪಟ್ಟಿಯ ತುದಿಯನ್ನು ರಿಮ್ಮಿಗೂ ಟಯರಿಗೂ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದರು. ಅದು ಕದಲಲಿಲ್ಲ. ಸೋಪಿನ ನೀರು ಸುರಿದರು, ಟಯರಿನ ಮೇಲೆ ಹತ್ತಿ ಸುತ್ತಲೂ ನಡೆದರು, ಮತ್ತೆ ಹೊಡೆದರು. ಅನಂತರಾಜುವನ್ನೂ ಮೇಲೆ ಹತ್ತಿಸಿದರು. "ನಿನ್ ತೂಕ ಈಗ ಕೆಲ್ಸಕ್ಕೆ ಬಂತು ನೋಡಣ್ಣ. ಕುಣಿ!" ಅವನು ಪಂಚೆ ಹಿಡಿದುಕೊಂಡು ಟಯರಿನ ಮೇಲೆ ಕುಣಿದ. ಎಷ್ಟೋ ವರ್ಷ ಅಂಟಿಕೊಂಡಿದ್ದ ರಬ್ಬರು ಪಟಾರೆಂದು ಬಿಟ್ಟುಕೊಂಡಾಗ ಆಯತಪ್ಪಿ ಕೆಳಗೆ ಕೂತ. ಎಲ್ಲರೂ ನಕ್ಕರು, ಬದರೀನಾಥರೂ.

ರಿಮ್ಮಿನ ಎರಡು ತಟ್ಟೆ ಬೇರೆಯಾದಾಗ ಮರಿಯಮ್ಮ ಒಳಮೈಯನ್ನು ಬೆರಳಿನಿಂದ ಸವರಿ ನೋಡಿದರು.

"ನನ್ಗೆ ಆಗ ಅತ್ತೊರ್ಸ. ನಮ್ಮಪ್ಪ ಬ್ಯಾಟರಾಯಪ್ಪ ಜಾಲಳ್ಳಿ ಕ್ರಾಸಲ್ಲಿ ಟಯರ್ ಅಂಗಡಿ ಇಟ್ಟಿತ್ತು. ಕಲ್ಲು ಸಾಗ್ಸೋ ಈ ಥರ ಗಾಡಿ ನಾಕೈದು ಬರ್ತಿದ್ವು. ಅಪ್ಪ ಆಯುಧಪೂಜೆ ದಿನ ಎಲ್ಲಾ ಗಾಡಿ ಕೆಂಪು ನಟ್ಗೂ ತಾನೇ ಬಣ್ಣ ಬಳೀತಿತ್ತು. ಡಬ್ಬಿ ಇಡ್ಕಂಡು ನಾನು ಇಂದ್ಗಡೆ. 'ಇದನ್ನ ಮರೆತೋಳು ನನ್ನ ಮಗಳೇ ಅಲ್ಲ' ಅನ್ನೋದು."

"ನಿಮಗೆ ಅಂಗಡಿ ಬಿಟ್ಟಿದ್ದು ಅವರೇನಾ?" ಕೃಷ್ಣವೇಣಿ ಕೇಳಿದರು.

"ಅಣ್ಣಂದಿರು ಇಬ್ರಿದ್ರು. ಇಬ್ರಿಗೂ ಸಮ್ಮಟಿ ಎತ್ತಕ್ಕೆ ಸೋಮಾರಿತನ. ನಾನ್ ಎತ್ತಿದೆ." ಅವರು ಒಂದು ತಟ್ಟೆಯನ್ನು ಬಿಸಿಲಿಗೆ ಹಿಡಿದರು. "ಮದ್ವೆ ಆದ್ಮ್ಯಾಕೂ ಬಿಡ್ಲಿಲ್ಲ. ನಮ್ಮೆಜಮಾನ್ರು ಟೀ ಅಂಗಡಿ, ನಂದು ಟಯರ್ ಅಂಗಡಿ. ಎಲ್ಡೂ ಪಕ್ಕಪಕ್ಕ."

ಹೊಸ ಟ್ಯೂಬು ಟಯರಿನೊಳಗೆ ಉಜ್ಜಿಕೊಳ್ಳದಿರಲು ಪೌಡರ್ ಬೇಕಿತ್ತು. ತಂದ ಡಬ್ಬಿ ಎರಡನೇ ಚಕ್ರಕ್ಕೇ ಮುಗಿಯಿತು. ಅನಂತರಾಜು ಮನೆಯೊಳಗೆ ಹೋಗಿ ಹೆಂಡತಿಯ ಮುಖದ ಪೌಡರ್ ಡಬ್ಬಿ ಎತ್ತಿಕೊಂಡು ಬಂದ. ಮಲ್ಲಿಗೆ ವಾಸನೆಯ ಪೌಡರ್. ಕೃಷ್ಣವೇಣಿ ಅದನ್ನು ಟ್ಯೂಬಿನ ಮೈತುಂಬ ಮಗುವಿಗೆ ಹಚ್ಚುವಂತೆ ಹಚ್ಚಿದರು.

ತಟ್ಟೆಗಳನ್ನು ಮತ್ತೆ ಸೇರಿಸುವಾಗ ಬದರೀನಾಥರು ತಮ್ಮ ಟಾರ್ಕ್ ರೆಂಚ್ ತಂದರು. ನಟ್ಟು ಎಷ್ಟು ಬಿಗಿಯಾಗಿದೆಯೆಂದು ಅಳೆದು, ಸರಿಯಾದಾಗ ಕಟಕ್ ಎನ್ನುವ ಸ್ಪ್ಯಾನರ್ ಅದು. ಮರಿಯಮ್ಮ ಅದನ್ನು ಅನುಮಾನದಿಂದ ನೋಡಿದರು. "ನನ್ ಕೈಗೆ ಗೊತ್ತು ಸಾಮಿ." ಒಂದರ ಎದುರಿಗೊಂದು ಎಂಬಂತೆ ನಟ್ಟುಗಳನ್ನೆಲ್ಲ ಬಿಗಿದು, "ಈಗ ನೋಡ್ಕಳಿ," ಎಂದು ಕೈಕಟ್ಟಿ ನಿಂತರು. ಬದರೀನಾಥರು ಒಂದೊಂದಕ್ಕೂ ರೆಂಚ್ ಕೊಟ್ಟರು. ಎಂಟು ನಟ್ಟು ಮುಟ್ಟುತ್ತಲೇ ಕಟಕ್ ಎಂದವು. ಎರಡು ಇನ್ನೂ ಕಾಲು ಸುತ್ತು ತಿರುಗಿದವು.

ಮರಿಯಮ್ಮ ಬಗ್ಗಿ ಆ ಎರಡನ್ನೂ ಪರೀಕ್ಷೆ ಮಾಡಿದರು. "ಬಲ್ಗೈ ಯಾಕೋ ಸೋಲ್ತಾ ಐತೆ. ವಯ್ಸಾಯ್ತಲ್ಲ. ಇರ್ಲಿ, ಮಿಕ್ಕಿದ್ದಕ್ಕೂ ಇಂಗೇ ಮಾಡನ. ನಾನ್ ಬಿಗೀತೀನಿ, ನೀವ್ ನೋಡಿ."

ಗಾಳಿ ತುಂಬುವಾಗ ಚಕ್ರಕ್ಕೆ ಸುತ್ತಲೂ ಸರಪಳಿ ಬಿಗಿದು, ಗೋಡೌನಿನ ಗೋಡೆಯ ಆಚೆಗೆ ಉರುಳಿಸಿಟ್ಟು, ಉದ್ದನೆಯ ಪೈಪಿನಿಂದ ಈಚೆ ನಿಂತು ಗಾಳಿ ಬಿಟ್ಟರು. ಮರಿಯಮ್ಮ ಬೇರೆ ಯಾರನ್ನೂ ಮೂಲೆ ದಾಟಲು ಬಿಡಲಿಲ್ಲ. ಮೊದಲ ಚಕ್ರದಲ್ಲಿ ಗಾಳಿ ನಿಂತಿತು. ಎರಡನೆಯದರಲ್ಲೂ ನಿಂತಿತು. ಮಾರನೇ ದಿನ ಮೂರನೆಯದೂ ನಾಲ್ಕನೆಯದೂ ಆದವು. ಐದನೆಯ ಚಕ್ರದ ತಟ್ಟೆಯನ್ನು ಬಿಸಿಲಿಗೆ ಹಿಡಿದವರು, "ಇದಾಗಕಿಲ್ಲ," ಎಂದು ಪಕ್ಕಕ್ಕಿಟ್ಟರು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು.

"ಸ್ಟೆಪ್ನಿ ತಾನೆ ಅಕ್ಕ? ಸುಮ್ನೆ ನೋಡಕ್ಕೆ ಇರ್ಲಿ," ಎಂದ ಅನಂತರಾಜು. "ಅದಿಲ್ದಿದ್ರೆ ಅಲ್ಲು ಉದ್ರಿದಂಗ್ ಕಾಣ್ತದೆ."

"ಅಲ್ಲು ಉದ್ರಿದ್ರೂ ನಗ್ಬೋದು. ನಾನ್ ಗಾಳಿ ತುಂಬಾಕಿಲ್ಲ."

ಅಲ್ಲಿಗೆ ಆ ಮಾತು ಮುಗಿಯಿತು.

ಶುಕ್ರವಾರ ಬದರೀನಾಥರು ಸಣ್ಣ ಬ್ರಷ್ ಹಿಡಿದು ನಾಲ್ಕು ಚಕ್ರಗಳ ಹೊರಸುತ್ತಿನ ಒಂದೊಂದು ನಟ್ಟಿಗೂ ಕೆಂಪು ಬಳಿದರು. ಇಡೀ ಬೆಳಿಗ್ಗೆ ಹಿಡಿಯಿತು. ಶನಿವಾರ ಬಣ್ಣ ಒಣಗಿದ ಮೇಲೆ, ಜಾಕ್ ಕೊಟ್ಟು ಒಂದೊಂದೇ ಸೈಜುಗಲ್ಲು ಎಳೆದು ತೆಗೆದರು. ನಾಲ್ಕನೆಯ ಕಲ್ಲು ಹೊರಗೆ ಬಂದು ಜಾಕ್ ಇಳಿದಾಗ ಟ್ರಕ್ಕು ನಿಧಾನವಾಗಿ ಹೊಸ ಟಯರುಗಳ ಮೇಲೆ ಕೂತಿತು. ರಬ್ಬರು ಕೆಳಗೆ ಸ್ವಲ್ಪ ಉಬ್ಬಿತು. ಅನಂತರಾಜು ಮೂತಿಗೆ ಒಂದು ಬೆರಳಿಟ್ಟು ತಳ್ಳಿದ. ಅದು ಕದಲಿತು. "ಸಾರ್, ಬೆರಳಲ್ಲಿ! ನೋಡಿ ಸಾರ್, ಒಂದೇ ಬೆರಳಲ್ಲಿ!" ಎಂದು ಕೂಗಿದ. ವಾಸ್ತವವಾಗಿ ಅಂಗಳ ಸ್ವಲ್ಪ ಇಳಿಜಾರಿತ್ತು. ಯಾರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟರು. ಬದರೀನಾಥರು ಸ್ಟೇರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಕೃಷ್ಣವೇಣಿ, ಹಿಂದೆ ಅನಂತರಾಜು. ಸ್ಟೆಪ್ನಿಯ ಖಾಲಿ ಜಾಗದಲ್ಲಿ ಪುಳಿಯೋಗರೆ ಡಬ್ಬಿಯ ಚೀಲ ಕಟ್ಟಿದ್ದರು. ಅಬ್ಬಿಗೆರೆಯಲ್ಲಿ ಮರಿಯಮ್ಮ ಅಂಗಡಿಯ ಮುಂದೆ ಕಾಯುತ್ತಿದ್ದರು. ಹಸಿರು ರೇಷ್ಮೆ ಸೀರೆ, ಮುಡಿತುಂಬ ಕನಕಾಂಬರ. ಆದರೆ ಕೈಯಲ್ಲಿ ಅದೇ ಗೋಣಿಚೀಲ.

"ಮರಿಯಮ್ಮನೋರೆ, ಮುಂದೆ ಬನ್ನಿ, ಇಬ್ಬರಿಗೂ ಜಾಗ ಇದೆ," ಎಂದು ಕೃಷ್ಣವೇಣಿ ಸರಿದು ಕೂತರು.

ಮರಿಯಮ್ಮ ಹತ್ತುವ ಮೊದಲು ನಾಲ್ಕೂ ಚಕ್ರ ಮುಟ್ಟಿ ನೋಡಿದರು. ಮುಂದೆ ಗಂಗಮ್ಮನ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಮುಟ್ಟಿದರು. ಎಂ.ಎಸ್. ಪಾಳ್ಯದಲ್ಲಿ ಮತ್ತೆ ನಿಲ್ಲಿಸಿ, ನಟ್ಟುಗಳಿಗೆಲ್ಲ ಇನ್ನೊಮ್ಮೆ ಸ್ಪ್ಯಾನರ್ ಕೊಟ್ಟರು. "ಒಸ ಟಯರು ಕೂರೋವಾಗ ನಟ್ಟು ಸಡ್ಲ ಆಗ್ತವೆ. ತಡ ಆದ್ರೆ ಆಗ್ಲಿ."

ಗಂಟೆಗೆ ಮೂವತ್ತರ ವೇಗ. ಹಿಂದೆ ಸಿಟಿ ಬಸ್ಸೊಂದು ಎರಡು ಕಿಲೋಮೀಟರ್ ಹಾರ್ನ್ ಹೊಡೆಯುತ್ತಲೇ ಬಂತು. ಕೊನೆಗೆ ಪಕ್ಕಕ್ಕೆ ಬಂದಾಗ ಡ್ರೈವರ್ ಬೈಯಲು ತಲೆ ಹೊರಗೆ ಹಾಕಿದವನು, ಟ್ರಕ್ಕಿನ ಮೂತಿ ನೋಡಿ ಬಾಯಿ ತೆರೆದುಕೊಂಡೇ ಉಳಿದ. "ಯಾವ್ ಕಾಲದ್ದು ಗುರು ಇದು?" "ಹಿಟ್ಲರ್ ಕಾಲದ್ದು!" ಎಂದು ಅನಂತರಾಜು ಹಿಂದಿನಿಂದ ಕೂಗಿದ. ಬಸ್ಸಿನ ಕಿಟಕಿಗಳಿಂದೆಲ್ಲ ಮೊಬೈಲು ಹೊರಬಂದವು. ಮುಂದಿನ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಮ್ಮ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಬದರೀನಾಥರು ಕಾಗದಪತ್ರದ ಕವರ್ ತೆಗೆಯುತ್ತಿದ್ದಾಗ ಅವರು ಬಾಗಿಲ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಾರ್, ಹಾರ್ನ್ ಹೆಂಗಿದೆ? ಒಂದ್ಸಲ ಹೊಡೀರಿ." ಹೊಡೆದರು. ಮುದಿ ಎಮ್ಮೆ ಕೂಗಿದಂತೆ ಕೇಳಿಸಿತು. ಪೊಲೀಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ದಾರಿ ಬಿಟ್ಟರು.

ಯಲಹಂಕದ ಮೈದಾನ ತಲುಪುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಹೊಳೆಯುವ ಕಾರುಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಸುತ್ತ ಹಗ್ಗ ಕಟ್ಟಿತ್ತು. ತೀರ್ಪುಗಾರರು ಬೆಡ್‌ಫೋರ್ಡ್ ಸುತ್ತ ಒಂದು ಸುತ್ತು ಬಂದರು. ಎಂಜಿನ್ ನೋಡಿ ತಲೆದೂಗಿದರು, ಕೆಂಪು ನಟ್ಟು ನೋಡಿ "ಇದು ಸರಿ" ಎಂದರು. ಟಯರಿನ ಹತ್ತಿರ ಬಗ್ಗಿದವರು ಮುಖ ಸಿಂಡರಿಸಿದರು.

"ಇದು ಮೂಲದ್ದಲ್ಲ. ಟ್ರ್ಯಾಕ್ಟರ್ ಟ್ರಾಲಿಯ ಟಯರ್."

ಬದರೀನಾಥರು ಈ ಮಾತಿಗೆ ಎರಡು ವಾರದಿಂದ ಹೆದರಿದ್ದರು. ಈಗ ಅದು ಬಂದೇಬಿಟ್ಟಾಗ ಏನೂ ಅನ್ನಿಸಲಿಲ್ಲ. "ಹೌದು ಸರ್, ನೀರಿನ ಟ್ಯಾಂಕರಿನದು. ನಮ್ಮ ಮನೆಯವರು ಹುಡುಕಿದ್ದು. ಹಾಕಿದ್ದು ಇವರು, ಅಬ್ಬಿಗೆರೆ ಮರಿಯಮ್ಮ," ಎಂದು ಇಬ್ಬರನ್ನೂ ಮುಂದೆ ಕರೆದು ತೋರಿಸಿದರು. ತೀರ್ಪುಗಾರರು ಏನೋ ಬರೆದುಕೊಂಡು ಮುಂದಕ್ಕೆ ಹೋದರು.

ಬಹುಮಾನ ಬರಲಿಲ್ಲ. ಬಹುಮಾನ ಕೊಡುವ ಹೊತ್ತಿಗೆ ಇವರು ಟ್ರಕ್ಕಿನ ಹಿಂದೆ ನೆರಳಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿದ್ದರು. ಆಗ ಐದಾರು ವರ್ಷದ ಒಂದು ಹುಡುಗಿ ಅಜ್ಜಿಯ ಕೈ ಎಳೆದುಕೊಂಡು ಬಂದಳು. ಎಲ್ಲ ಕಾರಿನ ಹಗ್ಗದ ಹತ್ತಿರವೂ ನಿಂತು ನೋಡಿ, ಇಲ್ಲಿ ಹಗ್ಗವಿಲ್ಲವೆಂದು ಕಂಡು ಬಂದಿದ್ದಳು.

"ಅಂಕಲ್, ಇದ್ರಲ್ಲಿ ಹತ್ಬೋದಾ?"

ಆರು ವರ್ಷದಲ್ಲಿ ಬದರೀನಾಥರು ಆ ಬಣ್ಣಕ್ಕೆ ಒಬ್ಬರ ಬೆರಳೂ ತಗಲಲು ಬಿಟ್ಟಿರಲಿಲ್ಲ. ಅವರು ಮರಿಯಮ್ಮನ ಮುಖ ನೋಡಿದರು.

ಮರಿಯಮ್ಮ ಕೈ ತೊಳೆದು, ಎದ್ದು, ನಾಲ್ಕು ಟಯರನ್ನೂ ಮತ್ತೊಮ್ಮೆ ಗುದ್ದಿ ಬಂದರು. "ಗಾಳಿ ಸರ್ಯಾಗೈತೆ. ಅದ್ನೈದ್ ಜನ ಅತ್ಲಿ, ಏನೂ ಆಗಾಕಿಲ್ಲ. ನಿಧಾನಕ್ಕೆ ಓಡ್ಸ್ಬೇಕು ಅಷ್ಟೇಯ."

ಅಜ್ಜಿ ಮೊಮ್ಮಗಳು ಹತ್ತಿದರು. ಅವರ ಹಿಂದೆ ಇನ್ನೂ ನಾಲ್ವರು. ಆಮೇಲೆ ಸಾಲೇ ಹತ್ತಿತು. ಬದರೀನಾಥರು ಕೀಲಿಯನ್ನು ಅನಂತರಾಜುವಿನ ಕೈಗಿಟ್ಟರು. "ನಿಮ್ಮ ತಾತನ ಗಾಡಿ. ನೀವು ಓಡಿಸಿ."

ಅವನು ಗೇರ್ ಹಾಕಿದಾಗ ಕರಕರ ಸದ್ದಾಯಿತು, ಗಾಡಿ ಒಮ್ಮೆ ಕುಪ್ಪಳಿಸಿತು, ಹಿಂದಿದ್ದವರೆಲ್ಲ ಹೋ ಎಂದು ಕಿರುಚಿದರು. ಆಮೇಲೆ ಸರಾಗವಾಗಿ ಹೊರಟಿತು. ಮುಂದಿನ ಸೀಟಿನಲ್ಲಿ ಮರಿಯಮ್ಮ ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲ ತಗಡನ್ನು ಬಡಿಯುತ್ತಿದ್ದರು. "ರೈಟ್ ರೈಟ್! ಓಗ್ಲಿ, ಓಗ್ಲಿ!" ಹಿಂದೆ ಮಕ್ಕಳ ನಡುವೆ ಕೃಷ್ಣವೇಣಿ ಹಲಗೆ ಹಿಡಿದು ನಿಂತು ಸುತ್ತುಗಳನ್ನು ಎಣಿಸುತ್ತಿದ್ದರು. ಬದರೀನಾಥರು ಮೈದಾನದ ಮಧ್ಯೆ ನಿಂತು, ಧೂಳಿನಲ್ಲಿ ತಿರುಗುವ ಚಕ್ರಗಳನ್ನೇ ನೋಡುತ್ತಿದ್ದರು. ಟಯರಿನ ಗೀರು ಯಾವ ಥರದ್ದು ಎಂದು ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಬಹುಮಾನ ಪಡೆದ ಕಾರುಗಳು ಒಂದೊಂದಾಗಿ ದೊಡ್ಡ ಲಾರಿಗಳ ಬೆನ್ನೇರಿ ಮನೆಗೆ ಹೊರಟವು. ಬೆಡ್‌ಫೋರ್ಡ್ ಹನ್ನೊಂದನೇ ಸುತ್ತಿನಲ್ಲಿತ್ತು.